ನಮ್ಮ ರಸಮಟ್ಟನ ಕತ್ತು

ಕೆಲಸದ ಜಾಗದಲ್ಲಿ ನಮ್ಮಣ್ಣನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ರಸಮಟ್ಟ. ರಸಮಟ್ಟವೆಂದರೆ ನೆಲ ಸಮವಾಗಿದೆಯೋ ಇಲ್ಲವೋ ಎಂದು ನೋಡುವ ಪಟ್ಟಿ. ಮಧ್ಯದಲ್ಲಿ ಗಾಜಿನ ಕೊಳವೆ, ಕೊಳವೆಯೊಳಗೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ನೆಲ ಸಮ. ಟೈಲ್ಸ್ ಹಾಕುವವರೆಲ್ಲರ ಚೀಲದಲ್ಲೂ ಅದು ಇರುತ್ತದೆ, ನಮ್ಮಣ್ಣನ ಚೀಲವೊಂದನ್ನು ಬಿಟ್ಟು. ಅವನು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಆ ಮೂಲೆ ಎರಡು ಕಾಗದದಷ್ಟು ಎತ್ತರ" ಎನ್ನುತ್ತಿದ್ದ. ನಂಬದವರು ಪಟ್ಟಿ ಇಟ್ಟು ನೋಡಿ ತೆಪ್ಪಗಾಗುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ನಾನು ಅವನ ತಂಗಿ. ಅವನು ಟೈಲ್ಸ್ ಕೂರಿಸುತ್ತಾನೆ, ನಾನು ಅವುಗಳ ನಡುವಿನ ಸಂದಿಗೆ ಬಿಳಿ ಸಿಮೆಂಟು ತುಂಬಿ ಒರೆಸುತ್ತೇನೆ. ಆದ್ದರಿಂದ ನಾನು ಸಂದಿಯಕ್ಕ. ಕೆಲಸ ಮುಗಿದ ಮೇಲೆ ನೋಡಲು ಬಂದವರು "ಆಹಾ, ಏನು ನೆಲ!" ಎಂದು ಅಣ್ಣನ ಬೆನ್ನು ತಟ್ಟುತ್ತಾರೆ. ಸಂದಿ ಚೆನ್ನಾಗಿದೆ ಎಂದ ಒಬ್ಬ ಪುಣ್ಯಾತ್ಮನನ್ನೂ ನಾನು ಕಂಡಿಲ್ಲ. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಜಾರಿದೆ, ಆದರೆ ಅಭ್ಯಾಸವಾಗಿದೆ.

ಅಣ್ಣನದೊಂದು ಪದ್ಧತಿಯಿದೆ. ಯಾವ ನೆಲವಾದರೂ ಸರಿ, ಕೊನೆಯ ಟೈಲ್ ಕೂರಿಸುವ ಮುನ್ನ ಅದನ್ನು ಬೋರಲು ಹಾಕಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಿಂಬದಿಯಲ್ಲಿ ತಾರೀಕು ಬರೆದು ಕೆಳಗೆ ಸಹಿ ಹಾಕುತ್ತಾನೆ. ಆಮೇಲೆ ಅದು ಗಾರೆಯೊಳಗೆ ಹೋಗುತ್ತದೆ. ನೆಲ ಕಿತ್ತ ದಿನ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. "ಯಾರಿಗೋಸ್ಕರ ಬರೀತೀಯ?" ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದೆ. "ಕಿತ್ತು ನೋಡಿದೋನಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಲಿ" ಎಂದಿದ್ದ. ಇನ್ನೊಂದು ಮಾತನ್ನು ಅವನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. "ನನ್ನ ಕಣ್ಣು ತಪ್ಪಿದ ದಿನ ಕರಣೆ ಕೆಳಗಿಡ್ತೀನಿ. ಆಮೇಲೆ ಒಂದು ದಿನಾನೂ ಇಲ್ಲ." ಗಾರೆ ಬಳಿಯುವ ಕರಣೆ ಕೆಳಗಿಟ್ಟು ಮುಂದೇನು ಮಾಡುತ್ತೀಯ ಎಂದು ಯಾರೂ ಕೇಳುತ್ತಿರಲಿಲ್ಲ. ಅವನಿಗೆ ಬೇರೆ ಏನೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ನೆಟ್ಟಗೆ ಒಂದು ಲೋಟ ಟೀ ಕಾಯಿಸಲೂ ಬರುವುದಿಲ್ಲ.

ಅವನ ತಲೆಗೆ ಪೆಟ್ಟು ಬಿದ್ದದ್ದು ಒಂದು ಹೊಸ ಮನೆಯ ಅಡುಗೆಕೋಣೆಯಲ್ಲಿ. ಕಲ್ಲಿನ ಕಟ್ಟೆಯ ಕೆಳಗೆ ತೂರಿಕೊಂಡು ಕೊನೆಯ ಸಾಲು ಕೂರಿಸುತ್ತಿದ್ದ. ಹೊರಗಿನಿಂದ ಮೇಸ್ತ್ರಿ ಏನೋ ಕೂಗಿದ. ಇವನು ಎಲ್ಲಿದ್ದೇನೆಂಬುದನ್ನು ಮರೆತು ಉತ್ತರ ಕೊಡಲು ಸರಕ್ಕನೆ ಎದ್ದ. ಕಲ್ಲು ನೆತ್ತಿಗೆ ಬಡಿದ ಸದ್ದು ನನಗೆ ಪಕ್ಕದ ಕೋಣೆಗೆ ಕೇಳಿಸಿತು. ಓಡಿಹೋಗಿ ನೋಡಿದರೆ ಕಾಲು ಚಾಚಿಕೊಂಡು ನೆಲದ ಮೇಲೆ ಕೂತಿದ್ದ. ರಕ್ತ ಒಂದು ಹನಿಯೂ ಇಲ್ಲ. "ಇದು ಯಾರ ಮನೆ?" ಎಂದು ಕೇಳಿದ. ಹತ್ತು ದಿನದಿಂದ ನಾವು ಅಲ್ಲೇ ಕೆಲಸ ಮಾಡುತ್ತಿದ್ದೆವು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಬುರುಡೆಯಲ್ಲಿ ಬಿರುಕಿಲ್ಲ, ಒಳಗೆ ರಕ್ತ ಸೋರಿಲ್ಲ. ಮಿದುಳು ಅಲುಗಿದೆ, ಇದಕ್ಕೆ ಕನ್ಕಷನ್ ಎನ್ನುತ್ತಾರೆ, ಬೆಳಕು ಸದ್ದು ಕಡಿಮೆ ಮಾಡಿಕೊಂಡು ವಿಶ್ರಾಂತಿ ತೆಗೆದುಕೊಂಡರೆ ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ ಎಂದರು ಅಲ್ಲಿನ ಡಾಕ್ಟರಮ್ಮ. ಅಣ್ಣ ಎರಡು ವಾರ ಪರದೆ ಎಳೆದುಕೊಂಡು ಮಲಗಿದ್ದ. ಮೂರನೇ ವಾರ ಚೀಲ ಹೆಗಲಿಗೇರಿಸಿಕೊಂಡು ಬಂದ.

ಸರಿಹೋಗಿರಲಿಲ್ಲ. ಬೆಳಗಾದರೆ ತಲೆಬುರುಡೆಯ ಹಿಂಬದಿಯಿಂದ ನೋವು ಎದ್ದು ಕಣ್ಣಿನ ತನಕ ಬರುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗಿಸದೆ ಇಡೀ ಮೈ ತಿರುಗಿಸುತ್ತಿದ್ದ, ಇಲ್ಲದಿದ್ದರೆ ತಲೆ ಸುತ್ತುತ್ತಿತ್ತು. ಟೈಲ್ ಕತ್ತರಿಸುವ ಯಂತ್ರದ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿದ್ದವನು ಈಗ ಅದರ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಏನಾಯ್ತೆಂದು ಕೇಳಿದರೆ "ಏನಿಲ್ಲ". ಒತ್ತಾಯ ಮಾಡಿ ಕೇಳಿದರೆ "ಆಯ್ತು ಬಿಡು". ಅವನ ಹತ್ತಿರ ಇರುವುದು ಇವೆರಡೇ ಉತ್ತರ.

ಐದನೇ ವಾರ ನಮಗೆ ಒಂದು ಲಾಂಡ್ರಿಯ ಒಗೆಯುವ ಕೋಣೆಯ ಕೆಲಸ ಸಿಕ್ಕಿತು. ನೀರು ಮೋರಿಯ ಜಾಲರಿಯ ಕಡೆ ಹರಿಯಲಿ ಎಂದು ನೆಲಕ್ಕೆ ಕೊಡುವ ಇಳಿಜಾರಿಗೆ ನಾವು ವಾಟ ಎನ್ನುತ್ತೇವೆ. ವಾಟ ಕೊಡುವುದರಲ್ಲಿ ಅಣ್ಣನನ್ನು ಮೀರಿಸುವವರಿಲ್ಲ. ಅವತ್ತು ಅವನು ಊಟ ಮುಗಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಹೊರಗೆ ಮಲಗಿದ್ದ. ನಾನು ಒಳಗೆ ಸ್ಪಂಜು ಹಿಂಡಿದೆ. ನೀರು ಜಾಲರಿಯ ಕಡೆ ಹೋಗುವುದು ಬಿಟ್ಟು ಆರಾಮಾಗಿ ಬಾಗಿಲ ಕಡೆ ಹೊರಟಿತು.

ಮತ್ತೆ ಹಿಂಡಿದೆ. ಮತ್ತೆ ಬಾಗಿಲ ಕಡೆಗೇ ಹೋಯಿತು. ಅಣ್ಣನ ಕಣ್ಣು ತಪ್ಪಿತ್ತು.

ಹೊರಗೆ ಹೋಗಿ ಅವನನ್ನು ಎಬ್ಬಿಸಿ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಅವನು ಕರಣೆ ಕೆಳಗಿಟ್ಟು ಮನೆಗೆ ಹೋಗುತ್ತಾನೆ, ಮತ್ತೆ ಎದ್ದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಾರೆ ಇನ್ನೂ ಹಸಿಯಿತ್ತು. ಒಂಬತ್ತು ಟೈಲ್ ಎಬ್ಬಿಸಿದೆ, ಕೆಳಗೆ ಗಾರೆ ಸೇರಿಸಿದೆ, ಮತ್ತೆ ಕೂರಿಸಿದೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೆನೇ ಹೊರತು ಕೈಯಾರೆ ಮಾಡಿದ್ದು ಅದೇ ಮೊದಲು. ಮೊಣಕೈವರೆಗೆ ಬೆವರು ಇಳಿಯುತ್ತಿತ್ತು. ಅಣ್ಣ ಎದ್ದು ಬಂದು, ಕೆನ್ನೆ ನೆಲಕ್ಕಿಟ್ಟು ನೋಡಿ, ಯಾಕೋ ಹುಬ್ಬು ಗಂಟಿಕ್ಕಿದ. "ಇದು ಹೀಗಿತ್ತಾ?" ಎಂದ. "ಹೀಗೇ ಇತ್ತು" ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವತ್ತು ಸಂಜೆ ಸಾಮಾನಿನ ಅಂಗಡಿಗೆ ಹೋಗಿ ಗೇಣುದ್ದದ ಒಂದು ಪುಟ್ಟ ರಸಮಟ್ಟ ಕೊಂಡು, ಊಟದ ಡಬ್ಬಿಯ ಕೆಳಗೆ ಬಚ್ಚಿಟ್ಟುಕೊಂಡೆ. ಆಮೇಲೆ ನಾಲ್ಕು ತಿಂಗಳಲ್ಲಿ, ಲಾಂಡ್ರಿಯದೂ ಸೇರಿ, ಒಟ್ಟು ಏಳು ನೆಲ. ಏಳರಲ್ಲೂ ಅವನು ಮಲಗಿದ ಹೊತ್ತಿನಲ್ಲಿ ನಾನು ಟೈಲ್ ಎಬ್ಬಿಸಿ ಕೂರಿಸಿದೆ. ಏಳಕ್ಕೂ ಕೊನೆಯ ಟೈಲ್‌ನ ಹಿಂದೆ ಅವನು ಸಹಿ ಹಾಕಿದ. ಬಂದವರು ಅವನ ಬೆನ್ನು ತಟ್ಟಿದರು. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ಹೊಟ್ಟೆಗೆ ಹಾಕಿಕೊಂಡು ಸಂದಿ ಒರೆಸುತ್ತಿದ್ದೆ.

ಅತ್ತಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಊರಿನವರ ಕಾಯಿಲೆಯೆಲ್ಲ ಅವಳ ಬೆರಳ ತುದಿಯಲ್ಲಿ. ಒಂದು ಮಧ್ಯಾಹ್ನ ಕೆಲಸದ ಜಾಗಕ್ಕೇ ಬಂದು ಅಣ್ಣನ ಮುಂದೆ ನೋವಿನ ಮಾತ್ರೆಯ ಖಾಲಿ ಹಾಳೆಗಳನ್ನು ಹರವಿದಳು.

"ಇವೆಲ್ಲ ನಿಮ್ಮ ಶೂ ಒಳಗೆ ಸಿಕ್ಕಿದ್ದು. ನಮ್ಮ ಅಂಗಡೀಲಿ ನಾನು ಕೊಡಲ್ಲ ಅಂತ ಪಕ್ಕದ ಬೀದಿಗೆ ಹೋಗಿ ತಗೊಂಡಿದ್ದೀರ. ಐದು ತಿಂಗಳಾಯ್ತು. ನಾಳೆ ಆಸ್ಪತ್ರೆಗೆ ಬರ್ತೀರೋ, ಇಲ್ಲ ನಾನು ಇಲ್ಲೇ ಕೂತ್ಕೊಳ್ಲೋ?"

ಅಣ್ಣ "ಆಯ್ತು ಬಿಡು" ಎಂದ.

ಆಸ್ಪತ್ರೆಯ ಡಾಕ್ಟರಮ್ಮ ಈ ಸಲ ನಿಧಾನವಾಗಿ ನೋಡಿದರು. ಸ್ಕ್ಯಾನ್ ಮತ್ತೆ ಸರಿಯಾಗೇ ಇತ್ತು. ಆದರೆ ಅವನ ಕತ್ತು ಎಡಕ್ಕೆ ಅರ್ಧಕ್ಕಿಂತ ಹೆಚ್ಚು ತಿರುಗಲಿಲ್ಲ. ತಲೆಗೆ ಬಿದ್ದ ಪೆಟ್ಟು ಕತ್ತಿಗೂ ಬಿದ್ದಿರುತ್ತದೆ, ತಲೆ ವಾಸಿಯಾದ ಮೇಲೂ ಕತ್ತು ಹಟ ಹಿಡಿದು ಕೂತಿರಬಹುದು ಎಂದು ಹೇಳಿ, ಕೈರೋಪ್ರಾಕ್ಟರ್ ಒಬ್ಬರಿಗೆ ಚೀಟಿ ಬರೆದುಕೊಟ್ಟರು. ಎಲುಬು ಕೀಲುಗಳನ್ನು ಕೈಯಿಂದಲೇ ಸರಿಮಾಡುವವರು ಅವರು. ಅಣ್ಣನ ಮುಖ ಸಣ್ಣದಾಯಿತು. "ಕತ್ತು ತಿರುಚಿ ಲಟಕ್ ಅನ್ಸ್ತಾರಂತೆ" ಎಂದು ದಾರಿಯುದ್ದಕ್ಕೂ ಗೊಣಗಿದ. ನಾನೂ ಅತ್ತಿಗೆಯೂ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆದೆವು, ಓಡಿಹೋಗದಂತೆ.

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮುಖ ಇಡಲು ತೂತಿರುವ ಒಂದು ಮಂಚ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನೆಲುಬು, ಕಿಟಕಿಯಲ್ಲೊಂದು ಗಿಡ. ಅಣ್ಣ ಒಳಗೆ ಕಾಲಿಟ್ಟವನೇ ನೆಲ ನೋಡಿ, "ಇದನ್ನ ಹಾಕಿದೋನಿಗೆ ಅವತ್ತು ಮನೇಲಿ ಜಗಳ ಆಗಿತ್ತು" ಎಂದ. ಕತ್ತಿನ ಡಾಕ್ಟರು ಮೂವತ್ತು ದಾಟಿದ ಹೆಂಗಸು, ನಗುಮುಖ, ತೋಳಿನಲ್ಲಿ ನಮ್ಮ ಮೇಸ್ತ್ರಿಗಿಂತ ಹೆಚ್ಚು ಬಲವಿದ್ದಂತೆ ಕಾಣುತ್ತಿತ್ತು.

"ಮೊದಲೇ ಹೇಳ್ತೀನಿ. ನಿಮ್ಮ ಕತ್ತನ್ನ ನಾನು ಲಟಕ್ ಅನ್ಸಲ್ಲ" ಎಂದಳು. ಅಣ್ಣನ ಗೊಣಗಾಟ ಮೆಟ್ಟಿಲಿಂದಲೇ ಕೇಳಿಸಿತ್ತು ಅಂತ ಕಾಣುತ್ತದೆ. "ಇವತ್ತು ಬರೀ ನೋಡೋದು, ಕೇಳೋದು. ಕೆಲಸದಲ್ಲಿ ಏನಾದ್ರೂ ತೊಂದ್ರೆ ಇದೆಯಾ?"

"ಏನಿಲ್ಲ."

"ಅಳತೆ ತಪ್ಪೋದು, ಸಮ ತಪ್ಪೋದು?"

"ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ತಪ್ಪಿಲ್ಲ" ಎಂದ ಅಣ್ಣ, ನನ್ನ ಕಡೆ ಕೈತೋರಿಸಿ. "ಬೇಕಾದ್ರೆ ಇವಳನ್ನ ಕೇಳಿ."

ನಾನು ಕಿಟಕಿಯ ಗಿಡ ನೋಡಿದೆ. ಅತ್ತಿಗೆ ಯಾಕೋ ತನ್ನ ಚಪ್ಪಲಿ ನೋಡಿಕೊಂಡಳು. ಡಾಕ್ಟರು ಹಾಳೆಯಲ್ಲಿ 'ಇಲ್ಲ' ಎಂದು ಬರೆದುಕೊಂಡಳು.

ಆಮೇಲೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಒಂದು ಪಟ್ಟಿ ಕಟ್ಟಿದಳು. ಪಟ್ಟಿಯಲ್ಲಿ ಪುಟ್ಟ ಲೇಸರ್ ದೀಪ. ಎದುರು ಗೋಡೆಯ ಮೇಲೆ ಒಂದು ದೊಡ್ಡ ಹಾಳೆ. ಅದರಲ್ಲಿ ವೃತ್ತದೊಳಗೆ ವೃತ್ತ, ಮಧ್ಯೆ ಹಾದುಹೋಗುವ ಒಂದು ಅಡ್ಡಗೆರೆ. ಕೆಂಪು ಚುಕ್ಕಿ ನಟ್ಟನಡುವೆ ಬೀಳುವಂತೆ ತಲೆ ನಿಲ್ಲಿಸಿ, ಕಣ್ಣು ಮುಚ್ಚಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿ, ಮತ್ತೆ ಮೊದಲಿದ್ದಲ್ಲಿಗೇ ತಂದು ನಿಲ್ಲಿಸಬೇಕು. ಹತ್ತು ವರ್ಷದಿಂದ ಲೇಸರ್ ಯಂತ್ರ ತಂದವರನ್ನೆಲ್ಲ "ಕಣ್ಣಿಲ್ಲದೋರ ಕೋಲು" ಎಂದು ಗೇಲಿ ಮಾಡಿದವನು ನಮ್ಮಣ್ಣ. ಅದನ್ನೇ ಹಣೆಗೆ ಕಟ್ಟಿಸಿಕೊಂಡು ಕೂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಅವನು ಕಣ್ಣು ಮುಚ್ಚಿ, ತಿರುಗಿಸಿ, ವಾಪಸು ಬಂದು, "ಹ್ಞೂಂ, ಇಲ್ಲೇ" ಎಂದ. ಚುಕ್ಕಿ ನಡುವಿನಿಂದ ನಾಲ್ಕು ಬೆರಳು ಆಚೆ, ಎರಡು ಬೆರಳು ಕೆಳಗಿತ್ತು. ನನ್ನ ನಗು ನಿಂತುಹೋಯಿತು. ಆರು ಸಲ ಮಾಡಿಸಿದಳು. ಆರು ಸಲವೂ ಅಲ್ಲೇ ಆಸುಪಾಸು.

ಅಣ್ಣ ಕಣ್ಣು ಬಿಟ್ಟು ನೋಡಿದ. ಕಿವಿ ಕೆಂಪಾಯಿತು. "ಮೇಡಂ, ನಿಮ್ಮ ಹಾಳೇನೇ ಸೊಟ್ಟ ಅಂಟ್ಸಿದ್ದೀರ. ಆ ಗೆರೆ ನೋಡಿ, ಬಲಗಡೆ ಎತ್ತಿದೆ."

"ಸರಿಯಾಗಿದೆ ಅನ್ಕೊಂಡಿದ್ದೆ."

"ನೀವು ಅನ್ಕೊಂಡ್ರೆ ಆಗ್ಲಿಲ್ಲ. ನಾನು ದಿನಾ ಮಾಡೋ ಕೆಲ್ಸ ಇದು. ಎತ್ತಿದೆ ಅಂದ್ರೆ ಎತ್ತಿದೆ." ಎದ್ದು ಪಟ್ಟಿ ಬಿಚ್ಚತೊಡಗಿದ. "ಒಂದು ಹಾಳೆ ನೆಟ್ಟಗೆ ಅಂಟ್ಸಕ್ಕೆ ಬರದೋರು ಕತ್ತು ನೆಟ್ಟಗೆ ಮಾಡ್ತಾರಂತೆ!"

ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಈಗ ಸುಮ್ಮನಿದ್ದರೆ ಅವನು ಮೆಟ್ಟಿಲಿಳಿದು ಹೋಗುತ್ತಾನೆ, ಇನ್ನು ಯಾವ ಡಾಕ್ಟರ ಬಾಗಿಲನ್ನೂ ತುಳಿಯುವುದಿಲ್ಲ, ನಾನು ಸಾಯುವ ತನಕ ಊಟದ ಹೊತ್ತಿನಲ್ಲಿ ಟೈಲ್ ಎಬ್ಬಿಸುತ್ತಿರುತ್ತೇನೆ. ಮಾತಾಡಿದರೆ ಅವನು ಕರಣೆ ಕೆಳಗಿಡುತ್ತಾನೆ. ನನ್ನ ಕೈ ತಾನಾಗಿ ಚೀಲದೊಳಗೆ ಹೋಯಿತು. ಡಬ್ಬಿಯ ಕೆಳಗಿಂದ ಆ ಪುಟ್ಟ ರಸಮಟ್ಟವನ್ನು ತೆಗೆದು, ಹಾಳೆಯ ಅಡ್ಡಗೆರೆಗೆ ಸರಿಯಾಗಿ ಹಿಡಿದೆ. ಗುಳ್ಳೆ ನಡುವೆ ಬಂದು ನಿಂತಿತು.

ಅಣ್ಣ ಗುಳ್ಳೆಯನ್ನು ನೋಡಿದ. ಆಮೇಲೆ ನನ್ನ ಕೈ ನೋಡಿದ.

"ಇದು ಯಾರದ್ದು?"

"ನಂದು."

"ಯಾವಾಗಿಂದ?"

"ನಾಲ್ಕು ತಿಂಗಳಿಂದ. ಲಾಂಡ್ರಿ ನೆಲದಿಂದ." ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಏಳೂ ನೆಲದ ಕಥೆ ಹೇಳಿದೆ. ಎಲ್ಲೆಲ್ಲಿ ಎಷ್ಟೆಷ್ಟು ಎಬ್ಬಿಸಿದೆ, ಯಾವ ಮೂಲೆ ಎತ್ತಿತ್ತು, ಎಲ್ಲ. ಎಲ್ಲ ಕಡೆಯೂ ಬಲಗಡೆಗೇ ತಪ್ಪುತ್ತಿತ್ತು.

ಆಗ ಅತ್ತಿಗೆ ಸಣ್ಣ ದನಿಯಲ್ಲಿ, "ಗಡಿಯಾರ ನಾನು" ಎಂದಳು.

"ಏನು ಗಡಿಯಾರ?"

"ದಿನಾ ಬೆಳಗ್ಗೆ ಹೋಗೋ ಮುಂಚೆ ಗೋಡೆ ಗಡಿಯಾರ ಸೊಟ್ಟ ಇದೆ ಅಂತ ಸರಿ ಮಾಡ್ತೀರಲ್ಲ. ನೀವು ಹೋದ್ಮೇಲೆ ನಾನು ವಾಪಸ್ ಸರಿ ಮಾಡ್ತೀನಿ. ಕನ್ನಡೀನೂ."

ನಾನೂ ಅವಳೂ ಮುಖ ಮುಖ ನೋಡಿಕೊಂಡೆವು. ಒಂದೇ ಕಳ್ಳತನವನ್ನು ಇಬ್ಬರೂ ಬೇರೆ ಬೇರೆ ಜಾಗದಲ್ಲಿ ಕೂತು ಮಾಡಿದ್ದೆವು.

ಅಣ್ಣ ಮತ್ತೆ ಕುರ್ಚಿಯಲ್ಲಿ ಕೂತ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ನೆಲ ನೋಡುತ್ತಾ, ಮಗುವಿನ ಹಾಗೆ ಕೇಳಿದ: "ಹಾಗಾದ್ರೆ ನನ್ನ ಕಣ್ಣು ಹೋಯ್ತಾ?"

ಡಾಕ್ಟರು ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು. "ಕಣ್ಣಿಗೆ ಏನೂ ಆಗಿಲ್ಲ. ತಲೆ ಎಲ್ಲಿದೆ, ಎಷ್ಟು ವಾಲಿದೆ ಅಂತ ಮಿದುಳಿಗೆ ಸುದ್ದಿ ಕೊಡೋದು ಮೂರು ಜನ. ಕಣ್ಣು, ಒಳಕಿವಿ, ಕತ್ತು. ನಿಮ್ಮ ಕತ್ತಿನ ಮೇಲ್ಗಡೆ ಕೀಲು ಪೆಟ್ಟು ಬಿದ್ದಾಗಿಂದ ಬಿಗಿದ್ಕೊಂಡು ಕೂತಿದೆ. ಅದು ತಪ್ಪು ಸುದ್ದಿ ಕೊಡ್ತಿದೆ. ನೀವು ತಲೇನ ಒಂದು ಕಡೆ ವಾಲ್ಸಿಕೊಂಡೇ ಓಡಾಡ್ತಿದ್ದೀರ, ನಿಮಗೆ ನೆಟ್ಟಗಿದ್ದೀನಿ ಅನ್ಸುತ್ತೆ. ತಲೆಸುತ್ತು, ಹಿಂದಿನಿಂದ ಬರೋ ನೋವು, ಇವುಗಳಲ್ಲೂ ಇದರ ಪಾಲಿದೆ ಅಂತ ನನ್ನ ಲೆಕ್ಕ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಇದು ಕೈಗೆ ಸಿಗೋ ತೊಂದ್ರೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಇವತ್ತು ಬಾಯಿ ಬಿಡ್ದೇ ಇದ್ದಿದ್ರೆ ನಾನು 'ಕೆಲಸದಲ್ಲಿ ತೊಂದ್ರೆ ಇಲ್ಲ' ಅಂತ ಬರ್ಕೊಂಡು ಕೂತಿರ್ತಿದ್ದೆ. ನಾಲ್ಕು ತಿಂಗಳ ಹಿಂದೇನೇ ಬಿಡ್ಬೇಕಿತ್ತು" ಎಂದಳು.

ನಾನು ನಾಲಿಗೆ ಕಚ್ಚಿಕೊಂಡೆ. ಅಣ್ಣನ ಮರ್ಯಾದೆ ಉಳಿಸುತ್ತಿದ್ದೇನೆಂದು ಬೀಗಿಕೊಂಡು ನಾನು ಉಳಿಸಿದ್ದು ಅವನ ನೋವನ್ನು. ಆದರೂ ಸುಳ್ಳು ಹೇಳುವುದಿಲ್ಲ, ಕಣ್ಣಿಗೆ ಏನೂ ಆಗಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ನಾಲ್ಕು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು.

ಅಣ್ಣ ಒಂಬತ್ತು ದಿನ ನನ್ನ ಜೊತೆ ಮಾತು ಬಿಟ್ಟ. ಅತ್ತಿಗೆಯ ಜೊತೆ ನಾಲ್ಕು ದಿನ. ಅವಳದು ಬರೀ ಗಡಿಯಾರ ತಾನೆ. ಆದರೆ ಗುಳ್ಳೆ ನಡುವೆ ನಿಂತದ್ದನ್ನು ಕಣ್ಣಾರೆ ಕಂಡವನು ಚಿಕಿತ್ಸೆ ಮಾತ್ರ ತಪ್ಪಿಸಲಿಲ್ಲ. ಮೇಸ್ತ್ರಿಗೆ ಹೇಳಿ ರಜೆ ಹಾಕಿಸಿದೆವು. ಸಣ್ಣಪುಟ್ಟ ಗೋಡೆ ಕೆಲಸ ನಾನೊಬ್ಬಳೇ ಮಾಡಿದೆ, ರಸಮಟ್ಟವನ್ನು ಎಲ್ಲರೆದುರು ರಾಜಾರೋಷವಾಗಿ ಇಟ್ಟುಕೊಂಡು.

ಚಿಕಿತ್ಸೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ ಎಂದು ಅತ್ತಿಗೆ ಹೇಳುತ್ತಿದ್ದಳು. ವಾರಕ್ಕೆರಡು ಸಲ. ಅವನನ್ನು ಮಲಗಿಸಿ, ಬುರುಡೆಯ ಕೆಳಗೆ ಎರಡು ಬೆರಳಿಟ್ಟು, ಹಿಟ್ಟು ನಾದುವವರಷ್ಟೂ ಬಲ ಹಾಕದೆ, ಒತ್ತಿ ಹಿಡಿದು ಕಾಯುವುದು. ಬಿಗಿ ಸಡಿಲವಾದಂತೆ ಕೀಲನ್ನು ಕೂದಲೆಳೆಯಷ್ಟು ಅತ್ತ ಇತ್ತ ಆಡಿಸುವುದು. "ಇಷ್ಟಕ್ಕೆ ಯಾಕೆ ಹೋಗ್ಬೇಕು?" ಎಂದು ಮೊದಲ ದಿನ ಅಣ್ಣ ಗೊಣಗಿದನಂತೆ. ಎರಡನೇ ದಿನ ಆ ಮಂಚದ ಮೇಲೇ ಗೊರಕೆ ಹೊಡೆದನಂತೆ. ಮನೆಯಲ್ಲಿ ಮಾಡಲು ಪಾಠ ಬೇರೆ: ಟೋಪಿಗೆ ಲೇಸರ್ ದೀಪ ಸಿಕ್ಕಿಸಿಕೊಂಡು, ಗೋಡೆಯ ಮೇಲೆ ಒಂದು ಗೆರೆಯುದ್ದಕ್ಕೂ ಕೆಂಪು ಚುಕ್ಕಿಯನ್ನು ನಿಧಾನವಾಗಿ ನಡೆಸಬೇಕು, ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ.

ಹತ್ತನೇ ದಿನ ಅತ್ತಿಗೆಯ ಕೈಲಿ ಹೇಳಿಕಳಿಸಿದ. ಹೋದೆ. ಅಡುಗೆಕೋಣೆಯಲ್ಲಿ ಸ್ಟೂಲಿನ ಮೇಲೆ ಟೋಪಿ ಹಾಕಿಕೊಂಡು ಕೂತಿದ್ದ. ಎದುರಿಗೆ ನಾವೇ ಹಿಂದೊಮ್ಮೆ ಟೈಲ್ಸ್ ಹಾಕಿದ ಗೋಡೆ. ಪಾಠಕ್ಕೆ ಗೆರೆ ಬೇಕಲ್ಲ, ಅವನು ಟೈಲ್ಸ್ ನಡುವಿನ ಸಂದಿಯನ್ನೇ ಹಿಡಿದಿದ್ದ. ಕೆಂಪು ಚುಕ್ಕಿ ಸಂದಿಯುದ್ದಕ್ಕೂ ತಡವರಿಸುತ್ತಾ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತೆ.

"ಈ ಸಂದಿ ನೀನು ತುಂಬಿದ್ದಾ?"

"ಇನ್ಯಾರು ತುಂಬ್ತಾರೆ?"

"ಹತ್ತು ದಿನದಿಂದ ನೋಡ್ತಿದ್ದೀನಿ. ಒಂದು ಕಡೇನೂ ದಪ್ಪ ಆಗಿಲ್ಲ, ಒಂದು ಕಡೇನೂ ತೆಳ್ಳಗಾಗಿಲ್ಲ." ಚುಕ್ಕಿಯನ್ನು ಸಂದಿಯ ತುದಿಗೆ ಮುಟ್ಟಿಸಿ, "ಚೆನ್ನಾಗಿದೆ ಕಣೇ" ಎಂದ.

ಇಪ್ಪತ್ತು ವರ್ಷ ಕಾದಿದ್ದೆ ಈ ಮಾತಿಗೆ. "ಚುಕ್ಕಿ ಕೆಳಗೆ ಜಾರ್ತಿದೆ, ನೋಡ್ಕೋ" ಎಂದೆ.

ಚಿಕಿತ್ಸೆಯ ಮೂರನೇ ವಾರ ಅವನು ಎಡಮಗ್ಗುಲಲ್ಲಿ ಮಲಗಿ ಇಡೀ ರಾತ್ರಿ ನಿದ್ದೆ ಮಾಡಿದ. ನಾಲ್ಕನೇ ವಾರ ಯಾರ ಮಾತೂ ಕೇಳದೆ ಸಿಮೆಂಟು ಚೀಲ ಎತ್ತಿ ಮತ್ತೆ ಎರಡು ದಿನ ಹಾಸಿಗೆ ಹಿಡಿದ. ಕತ್ತಿನ ಡಾಕ್ಟರು ಚೆನ್ನಾಗಿ ಬೈದಳಂತೆ, ನನಗೆ ಬಹಳ ಸಮಾಧಾನವಾಯಿತು. ಐದನೇ ವಾರ ಬೀದಿಯಲ್ಲಿ ನಾನು ಹಿಂದಿನಿಂದ ಕರೆದಾಗ ಬರೀ ಕತ್ತು ತಿರುಗಿಸಿ "ಏನೇ?" ಎಂದ. ತಿರುಗಿಸಿದ್ದು ಅವನಿಗೂ ಆಮೇಲೆ ಗೊತ್ತಾಯಿತು. ನಡುಬೀದಿಯಲ್ಲಿ ನಿಂತು ಎಡಕ್ಕೂ ಬಲಕ್ಕೂ ನಾಲ್ಕು ಸಲ ತಿರುಗಿಸಿ ನೋಡಿದ. ಎದುರಿಗೆ ಬರುತ್ತಿದ್ದವನೊಬ್ಬ ತನಗೇ ಬರಬೇಡ ಎನ್ನುತ್ತಿದ್ದಾನೆಂದು ತಿಳಿದು ಪಕ್ಕಕ್ಕೆ ಸರಿದ.

ಎಂಟನೇ ವಾರ ಬೆಳಗ್ಗೆ ಅತ್ತಿಗೆ ಫೋನ್ ಮಾಡಿದಳು. ಮೊದಲು ಅಳು, ಆಮೇಲೆ ನಗು.

"ಏನಾಯ್ತೇ?"

"ಗಡಿಯಾರ" ಎಂದಳು. "ನಿನ್ನೆ ನಾನೇ ಬೇಕು ಅಂತ ಸೊಟ್ಟ ಮಾಡಿಟ್ಟಿದ್ದೆ. ಇವತ್ತು ಹೊರಗೆ ಹೋಗ್ತಾ ಸರಿ ಮಾಡಿದ್ರು. ಈಗ ನೋಡಿದ್ರೆ ನೆಟ್ಟಗಿದೆ ಕಣೇ. ನಾನು ಮುಟ್ಟೋ ಹಾಗೇ ಇಲ್ಲ."

ನಾನು ಅವತ್ತು ಆ ಗಡಿಯಾರ ನೋಡಿಕೊಂಡು ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋದೆ.

ತಲೆನೋವು ಪೂರ್ತಿ ಬಿಟ್ಟಿಲ್ಲ, ಈಗಲೂ ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತದೆ. ಕೆಲಸಕ್ಕೆ ಮರಳುವ ಮುನ್ನ 'ಏಳು ನೆಲ ತೋರ್ಸು' ಎಂದ ಅಣ್ಣ. ಒಂದು ಭಾನುವಾರ ಲಾಂಡ್ರಿಯಿಂದ ಶುರುಮಾಡಿ ಏಳೂ ಕಡೆ ಹೋದೆವು. ಪ್ರತಿಯೊಂದು ಕಡೆಯೂ ಮೊಣಕಾಲೂರಿ, ಕೆನ್ನೆ ತಾಗಿಸಿ ನೋಡಿದ. ನಾನು ಗೋಡೆಗೊರಗಿ ನಿಂತಿದ್ದೆ. ಏಳನೆಯದು ಮುಗಿದ ಮೇಲೆ ಮೊಣಕಾಲು ಕೊಡವಿಕೊಂಡು, "ಸರಿಯಾಗಿದೆ" ಎಂದ.

ಮೊದಲ ಕೆಲಸ ಈಜುಕೊಳದ ಸ್ನಾನದ ಕೋಣೆ. ನಟ್ಟನಡುವೆ ಒಂದೇ ಜಾಲರಿ. ನಾಲ್ಕೂ ಕಡೆಯಿಂದ ವಾಟ ಅಲ್ಲಿಗೇ ಇಳಿಯಬೇಕು. ಇದಕ್ಕಿಂತ ಕಷ್ಟದ ನೆಲ ನಮ್ಮ ಕಸುಬಿನಲ್ಲಿಲ್ಲ. "ನೀನು ಒಂದು ಟೈಲನ್ನೂ ಮುಟ್ಟಬಾರ್ದು" ಎಂದ. ಊಟದ ಹೊತ್ತಿನಲ್ಲಿ ಅವನು ಮಲಗಲಿಲ್ಲ, ನನ್ನ ಪಕ್ಕದಲ್ಲೇ ಕೂತು ಕಾವಲು ಕಾದ. ಬಾಗಿಲ ಬಳಿಯ ಒಂದೇ ಒಂದು ಟೈಲ್ ಬಿಟ್ಟು ಸಂಜೆಗೆ ಎಲ್ಲ ಮುಗಿಸಿದ. ಇದೂ ತಪ್ಪಿದರೆ ಅವನು ನಿಜವಾಗಿ ಕರಣೆ ಕೆಳಗಿಡುತ್ತಾನೆ, ಈ ಸಲ ನನಗೆ ತಡೆಯಲು ದಾರಿಯಿಲ್ಲ.

ಮಾರನೇ ದಿನ ಬೆಳಗ್ಗೆ ಗಾರೆ ಗಟ್ಟಿಯಾಗಿತ್ತು. "ಬಕೆಟ್ ತಗೊಂಡು ಬಾ, ನೀನೇ ಸುರಿ" ಎಂದ. ದೂರದ ಮೂಲೆಯಲ್ಲಿ ಸುರಿದೆ. ನೀರು ಒಂದು ಗಳಿಗೆ ಯೋಚಿಸುತ್ತಾ ನಿಂತಿತು. ಆಮೇಲೆ ನಿಧಾನವಾಗಿ ಎದ್ದು, ನೇರವಾಗಿ ನಡುವಿನ ಜಾಲರಿಗೆ ಹೋಗಿ ಇಳಿಯಿತು. ಉಳಿದ ಮೂರು ಮೂಲೆಯಲ್ಲೂ ಸುರಿದೆ. ಮೂರೂ ಅಲ್ಲಿಗೇ ಹೋದವು. ನೆಲದ ಮೇಲೆ ಒಂದು ಹನಿಯೂ ನಿಲ್ಲಲಿಲ್ಲ. ನಾನು ಖಾಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ.

ಅಣ್ಣ ಬಾಗಿಲ ಬಳಿ ಮೊಣಕಾಲೂರಿದ. ಕೊನೆಯ ಟೈಲ್ ಬೋರಲು ಹಾಕಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಬರೆಯುವ ಬದಲು ನನ್ನ ಕಡೆ ಚಾಚಿದ.

"ನಂದ್ಯಾಕೆ? ಈ ನೆಲದಲ್ಲಿ ನಾನೇನೂ ಮಾಡಿಲ್ಲ."

"ಆ ಏಳು ನೆಲದ ಕೆಳಗೆ ನನ್ನ ಸಹಿ ಇದೆ. ಅದು ಸುಳ್ಳು ಸಹಿ. ಕಿತ್ತು ಬರೆಯಕ್ಕಾಗಲ್ಲ" ಎಂದ. "ಇಲ್ಲಿ ಬರಿ. ಇನ್ಮೇಲೆ ಇಬ್ಬರೂ ಬರೆಯೋಣ. ಬೈಯೋದಾದ್ರೆ ಇಬ್ಬರನ್ನೂ ಬೈಲಿ."

ಪೆನ್ಸಿಲ್ ತಗೊಂಡೆ. ಕಣ್ಣು ಮಂಜಾಗಿತ್ತು, ಕೈ ಇನ್ನೂ ಒದ್ದೆಯಿತ್ತು. ತಾರೀಕು ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಅವನು ಟೈಲ್ ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೋಡಿ, ಹುಬ್ಬು ಗಂಟಿಕ್ಕಿದ.

"ನಿನ್ನ ಸಹಿ ಸೊಟ್ಟ ಇದೆ. ಬಲಗಡೆ ಎತ್ತಿದೆ. ಎರಡು ಕಾಗದದಷ್ಟು."

ನಾನು ಚೀಲದಿಂದ ನನ್ನ ರಸಮಟ್ಟ ತೆಗೆದು, ಸಹಿಯ ಕೆಳಗೆ ಟೈಲಿನ ಅಂಚಿಗೆ ಸಮವಾಗಿ ಹಿಡಿದು ನೋಡಿದೆ. ಎತ್ತಿತ್ತು. ಎರಡು ಕಾಗದದಷ್ಟೇ. ಅಲ್ಲೇ ಕೂತು ಗೊಳೋ ಎಂದು ಅತ್ತೆ, ನಗುತ್ತಲೇ ಅತ್ತೆ. ಅವನು ಅದರ ಪಕ್ಕದಲ್ಲಿ ತನ್ನ ಸಹಿ ಹಾಕಿ, ಗಾರೆ ಒಣಗುತ್ತೆ ಏಳು ಎಂದು ಬೈದು, ಟೈಲ್ ಕೂರಿಸಿದ.